ಸಕ್ಕರೆ ಅಚ್ಚು ಕೈಕೊಟ್ಟರೆ ಎಲ್ಲಿ ಹುಡುಕಬೇಕು?

ಸಂಕ್ರಾಂತಿ ಹತ್ತಿರ ಬಂತು ಅಂದರೆ ಶಿವಮೊಗ್ಗದ ಎಷ್ಟೋ ಅಡುಗೆಮನೆಗಳಲ್ಲಿ ಒಂದೇ ದೂರು. "ಈ ಸಲ ಸಕ್ಕರೆನೇ ಸರಿ ಇಲ್ಲ." ಅಚ್ಚು ಗಟ್ಟಿಯಾಗದಿದ್ದರೆ ಸಕ್ಕರೆಗೆ ಬೈಗುಳ. ಅಂಟಿಕೊಂಡರೆ ಮರದ ಅಚ್ಚಿಗೆ ಬೈಗುಳ. ಎರಡೂ ಸಾಲದಿದ್ದರೆ ಯಾರದ್ದೋ ಕಣ್ಣು ಬಿತ್ತು ಅನ್ನೋದು ಇದ್ದೇ ಇದೆ.

ನಾನು ನೋಡಿದ ಮಟ್ಟಿಗೆ ಸಕ್ಕರೆಯ ತಪ್ಪು ತೀರಾ ಕಡಿಮೆ. ದೋಷ ಕಾಣುವುದು ಅಚ್ಚು ಬಿಚ್ಚಿದಾಗ, ಆದರೆ ಅದು ಹುಟ್ಟುವುದು ಒಲೆಯ ಮೇಲೆ. ಹಾಗಾಗಿ ಕೆಟ್ಟ ಅಚ್ಚನ್ನು ಕೈಯಲ್ಲಿ ಹಿಡಿದು, ಅಲ್ಲಿಂದ ಒಂದೊಂದೇ ಹೆಜ್ಜೆ ಹಿಂದೆ ಹೋಗಬೇಕು. ಇನ್ನೊಂದು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಉರಿ ಹೆಚ್ಚಿಸಿ, ನೀರು ಕಡಿಮೆ ಮಾಡಿ, ನಿಂಬೆ ಹಿಂಡಿ, ಅಚ್ಚನ್ನೂ ಬದಲಾಯಿಸಿದರೆ ಮುಂದಿನದು ಸರಿ ಬಂದರೂ ಯಾಕೆ ಬಂತು ಅಂತ ಗೊತ್ತಾಗುವುದಿಲ್ಲ. ಮುಂದಿನ ವರ್ಷ ಮತ್ತೆ ಅದೇ ಪಾಡು.

ಘಟ್ಟದ ಅಂಚಿನ ಹಳ್ಳಿಗಳಲ್ಲಿ ಭೂಮಿ ಹುಣ್ಣಿಮೆ, ದೀಪಾವಳಿಗೆ ಇರುವ ಗದ್ದಲ ಸಂಕ್ರಾಂತಿಗೆ ಇಲ್ಲ. ಎಳ್ಳು ಬೀರುವ ಸಡಗರ ಶಿವಮೊಗ್ಗ, ಭದ್ರಾವತಿಯಂಥ ಊರುಗಳಲ್ಲೇ ಜಾಸ್ತಿ. ಆದರೆ ಅಚ್ಚು ಹಾಕುವ ಮನೆ ಯಾವ ಊರಿನಲ್ಲಿದ್ದರೂ ತೊಂದರೆಗಳು ಇವೇ.

ಸರಿಯಾದ ಅಚ್ಚು ಹೇಗೆ ಆಗುತ್ತದೆ

ಇದು ಗೊತ್ತಿಲ್ಲದೆ ದೋಷ ಹುಡುಕಲು ಆಗುವುದಿಲ್ಲ. ಆದ್ದರಿಂದ ಬೇಗ ಹೇಳಿಬಿಡುತ್ತೇನೆ.

ಒಂದು ಕಿಲೋ ಸಕ್ಕರೆಗೆ ಅರ್ಧ ಲೀಟರ್ ನೀರು. ಪೂರ್ತಿ ಕರಗಿ ಕುದಿ ಬಂದಾಗ ಎರಡು ಚಮಚ ಹಾಲಿಗೆ ಅಷ್ಟೇ ನೀರು ಬೆರೆಸಿ ಹಾಕಬೇಕು. ಹಾಲಿನ ಪ್ರೋಟೀನ್ ಬಿಸಿಗೆ ಹೆಪ್ಪುಗಟ್ಟಿ, ಸಕ್ಕರೆಯ ಕೊಳೆಯನ್ನು ಹಿಡಿದುಕೊಂಡು ನೊರೆಯ ಜೊತೆ ಮೇಲೆ ಬರುತ್ತದೆ. ನೊರೆ ತೆಗೆದು, ತೆಳು ಬಟ್ಟೆಯಲ್ಲಿ ಸೋಸಿ, ಒಲೆಯಿಂದ ಇಳಿಸಿ ಇಡಿ. ಇದು ತಿಳಿ ಪಾಕ.

ಅಚ್ಚು ಹಾಕುವಾಗ ಇದರಲ್ಲಿ ಒಂದು ದೊಡ್ಡ ಲೋಟದಷ್ಟು ಮಾತ್ರ ಬೇರೆ ಸಣ್ಣ ಪಾತ್ರೆಗೆ ಹಾಕಿಕೊಂಡು ಕಾಯಿಸಬೇಕು. ಎಳೆ ಪಾಕ ದಾಟಿ ಮೆತ್ತನೆಯ ಉಂಡೆ ಪಾಕಕ್ಕೆ ಬಂದಾಗ ಇಳಿಸಬೇಕು. ಅಂದರೆ ತಣ್ಣೀರಿನ ಬಟ್ಟಲಿಗೆ ಬಿಟ್ಟ ಹನಿ ಬೆರಳಿಗೆ ಸಿಕ್ಕಿ ಮೆತ್ತಗೆ ಉಂಡೆಯಾಗಬೇಕು. ಥರ್ಮಾಮೀಟರ್ ಇದ್ದವರಿಗೆ 112ರಿಂದ 115 ಡಿಗ್ರಿ ಸೆಲ್ಸಿಯಸ್. ಇಳಿಸಿ, ಗುಳ್ಳೆ ಅಡಗಿದ ಮೇಲೆ ಸೌಟಿನ ಬೆನ್ನಿನಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿಕ್ಕಬೇಕು. ಗಾಜಿನಂತೆ ತಿಳಿಯಾಗಿದ್ದ ಪಾಕ ಮಂಕಾಗಿ, ಹಾಲಿನ ಬಣ್ಣಕ್ಕೆ ತಿರುಗುತ್ತದೆ. ತಿರುಗಿತು ಅಂದ ತಕ್ಷಣ, ಮಾತಾಡದೆ, ಎರಡು ಹಲಗೆ ಜೋಡಿಸಿ ದಾರದಿಂದ ಕಟ್ಟಿಟ್ಟ ಮರದ ಅಚ್ಚಿಗೆ ಸುರಿಯಬೇಕು. ಐದರಿಂದ ಹತ್ತು ನಿಮಿಷ ಬಿಟ್ಟು ಬಿಚ್ಚಬೇಕು.

ಇಲ್ಲಿ ನಡೆಯುವುದು ಇಷ್ಟೇ. 20 ಡಿಗ್ರಿಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆ ಕರಗಿಸಿಕೊಳ್ಳುತ್ತದೆ. 100 ಡಿಗ್ರಿಯಲ್ಲಿ ಅದೇ ನೀರು 480 ಗ್ರಾಂನಷ್ಟು ಹಿಡಿದುಕೊಳ್ಳುತ್ತದೆ. ಪಾಕ ಆರುತ್ತಾ ಬಂದ ಹಾಗೆ ನೀರಿಗೆ ಅಷ್ಟು ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಹೆಚ್ಚಿನದು ಹರಳಾಗಿ ಹೊರಗೆ ಬರಲೇಬೇಕು. ನಾವು ತಿಕ್ಕುವುದು ಆ ಹರಳುಗಳು ಒಟ್ಟಿಗೆ, ಸಣ್ಣದಾಗಿ, ಲೆಕ್ಕವಿಲ್ಲದಷ್ಟು ಹುಟ್ಟಲಿ ಅಂತ. ಅಚ್ಚಿನ ಎಲ್ಲ ದೋಷವೂ ಈ ಹರಳು ಹುಟ್ಟಲಿಲ್ಲ, ಬೇಗ ಹುಟ್ಟಿತು ಅಥವಾ ದೊಡ್ಡದಾಗಿ ಹುಟ್ಟಿತು ಅನ್ನುವ ಮೂರರಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ಅಂಟುವುದು, ಬಣ್ಣ ಕೆಡುವುದು ಮಾತ್ರ ಬೇರೆ.

ಮೊದಲು ಒಂದನ್ನು ಮುರಿಯಿರಿ

ಕೆಟ್ಟ ಅಚ್ಚನ್ನು ಬಾಯಿಗೆ ಹಾಕುವ ಮೊದಲು ಅಡ್ಡಲಾಗಿ ಮುರಿದು, ಕಿಟಕಿಯ ಬೆಳಕಿಗೆ ಹಿಡಿಯಿರಿ. ಹೊರಗಿನ ರೂಪಕ್ಕಿಂತ ಒಳಗಿನ ಮೈ ಜಾಸ್ತಿ ಹೇಳುತ್ತದೆ.

ಚೆನ್ನಾಗಿ ಆದ ಅಚ್ಚಿನ ಒಳಗು ಸೀಮೆಸುಣ್ಣ ಮುರಿದ ಹಾಗೆ ಇರುತ್ತದೆ. ಒಂದೇ ಬಿಳಿ, ಹೊಳಪಿಲ್ಲ, ನಯ. ಅಲ್ಲಲ್ಲಿ ಮಿಣುಕು ಹರಳು ಹೊಳೆದರೆ ಪಾಕ ತೀರಾ ಬಿಸಿ ಇದ್ದಾಗಲೇ ತಿಕ್ಕಿದ್ದೀರಿ. ಬಿಸಿಯಲ್ಲಿ ಕೆಲವೇ ಹರಳು ಹುಟ್ಟಿ, ಅವೇ ಬೆಳೆದು ದೊಡ್ಡದಾಗುತ್ತವೆ. ತುಸು ಆರಿದ ಮೇಲೆ ತಿಕ್ಕಿದರೆ ಹರಳು ಹೆಚ್ಚು, ಗಾತ್ರ ಸಣ್ಣದು. ನಡುವೆ ಗಾಜಿನಂಥ ತೇಪೆ ಕಂಡರೆ ತಿಕ್ಕಿದ್ದು ಸಾಲಲಿಲ್ಲ. ಮಧ್ಯದಲ್ಲಿ ಒದ್ದೆ ಇದ್ದರೆ ಬೇಗ ಬಿಚ್ಚಿದ್ದೀರಿ. ಒಳಗೆ ಗೂಡು ಇದ್ದರೆ ಪಾಕ ಸುರಿಯುವ ಹೊತ್ತಿಗೇ ದಪ್ಪ ಆಗಿತ್ತು. ಅಡ್ಡ ಗೆರೆ ಇದ್ದು ಅಲ್ಲೇ ಎರಡು ತುಂಡಾದರೆ ಎರಡು ಸಲ ಸುರಿದದ್ದು. ಮೊದಲು ಸುರಿದದ್ದು ಆಗಲೇ ಹೆಪ್ಪಾಗಿತ್ತು, ಎರಡನೆಯದು ಅದರ ಜೊತೆ ಬೆರೆಯಲಿಲ್ಲ.

ಕೈಯಲ್ಲಿ ಹಿಡಿದರೆ ಪುಡಿ ಪುಡಿಯಾಗಿ ಉದುರುವುದು ಬೇರೆ ರೀತಿ. ಪಾತ್ರೆಯ ಗೋಡೆಗೆ ಅಂಟಿ ಒಣಗಿದ್ದನ್ನೂ ಸೌಟಿನಲ್ಲಿ ಕೆರೆದು ಅಚ್ಚಿಗೆ ಹಾಕಿದಾಗ ಹೀಗಾಗುತ್ತದೆ. ದಂಡ ಆಗಬಾರದು ಅಂತ ಕೆರೆಯುವುದು ನಮ್ಮ ಕಡೆ ಎಲ್ಲರ ಅಭ್ಯಾಸ, ಅಲ್ವಾ? ಕೆರೆದದ್ದನ್ನು ತಿಳಿ ಪಾಕಕ್ಕೆ ಮಾತ್ರ ಹಾಕಬೇಡಿ. ಬೇರೆ ಬಟ್ಟಲಲ್ಲಿ ಕೂಡಿಡಿ, ಕೊನೆಗೆ ಎಲ್ಲ ಸೇರಿಸಿ ನೀರು ಹಾಕಿ ಕರಗಿಸಿಕೊಳ್ಳಬಹುದು.

ಅಚ್ಚು ಗಟ್ಟಿಯೇ ಆಗುತ್ತಿಲ್ಲ

ನನಗೆ ಹೆಚ್ಚು ಫೋನ್ ಬರುವುದು ಇದಕ್ಕೇ. "ಅತ್ತೆ, ಅರ್ಧ ಗಂಟೆ ಆಯ್ತು, ಇನ್ನೂ ಜೇನುತುಪ್ಪ ಇದ್ದ ಹಾಗೆ ಇದೆ." ನಾನು ಕೇಳುವ ಮೊದಲ ಪ್ರಶ್ನೆ: ನಿಂಬೆಹಣ್ಣು ಹಾಕಿದ್ಯಾ? ಎರಡನೆಯದು: ಎಷ್ಟು ಹೊತ್ತಿನಿಂದ ಪಾಕ ಒಲೆ ಮೇಲಿದೆ?

ಗಟ್ಟಿಯಾಗದಿರಲು ಎರಡು ಕಾರಣ. ಎರಡೂ ನೋಡಲು ಒಂದೇ ಥರ, ಮದ್ದು ಮಾತ್ರ ಬೇರೆ ಬೇರೆ.

ಒಂದು, ಪಾಕ ಎಳಸು. ನೀರು ಇನ್ನೂ ಉಳಿದಿದೆ. ಹರಳು ಹುಟ್ಟಿದರೂ ಅವುಗಳ ನಡುವೆ ನೀರು ನಿಂತು ಅಚ್ಚು ಮೆತ್ತಗೇ ಉಳಿಯುತ್ತದೆ. ಇದಕ್ಕೆ ಚಿಂತೆ ಬೇಡ. ಅಚ್ಚು ಬಿಚ್ಚಿ, ಎಲ್ಲವನ್ನೂ ಪಾತ್ರೆಗೆ ಹಾಕಿ, ಒಂದೆರಡು ಚಮಚ ನೀರು ಸೇರಿಸಿ, ಹರಳು ಒಂದೂ ಉಳಿಯದ ಹಾಗೆ ಕರಗಿಸಿ ಮತ್ತೆ ಕಾಯಿಸಿ.

ಇನ್ನೊಂದು, ಪಾಕ ಒಡೆದಿದೆ. ಹುಳಿ ಮತ್ತು ಬಿಸಿ ಎರಡೂ ಸೇರಿದರೆ ಸಕ್ಕರೆ ಗ್ಲುಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಬೇರೆ ಸಕ್ಕರೆಗಳಾಗಿ ಒಡೆಯುತ್ತದೆ. ಇವು ನಡುವೆ ಸೇರಿಕೊಂಡರೆ ಸಕ್ಕರೆ ಹರಳುಗಟ್ಟಲು ಬಿಡುವುದಿಲ್ಲ. ಜಾಮೂನಿನ ಪಾಕಕ್ಕೆ ನಿಂಬೆ ಹಿಂಡುವುದು ಇದಕ್ಕೇ, ಅಲ್ಲಿ ಹರಳು ಬರಬಾರದು. ಅಚ್ಚಿಗೆ ನಮಗೆ ಬೇಕಾದದ್ದೇ ಹರಳು. ಜಾಮೂನಿನ ಬುದ್ಧಿಯನ್ನು ಅಚ್ಚಿಗೆ ತಂದರೆ ಅಚ್ಚು ಕೂರುವುದಿಲ್ಲ.

ಯಾವುದು ಅಂತ ಪತ್ತೆ ಮಾಡುವುದು ಸುಲಭ. ಕೂರದ ಪಾಕದಲ್ಲಿ ಒಂದು ಸೌಟು ತೆಗೆದು ಉಂಡೆ ಪಾಕದವರೆಗೆ ಕಾಯಿಸಿ, ಇಳಿಸಿ, ತಿಕ್ಕಿ. ಒಂದೆರಡು ನಿಮಿಷದಲ್ಲಿ ಬೆಳ್ಳಗಾದರೆ ಅದು ಬರೀ ಎಳಸು ಪಾಕ. ಎಷ್ಟು ತಿಕ್ಕಿದರೂ ತಿಳಿಯಾಗೇ ಇದ್ದು, ಸೌಟು ಎತ್ತಿದಾಗ ಹೊಳೆಯುತ್ತಾ ಅಂಟಂಟಾಗಿ ಎಳೆದರೆ ಪಾಕ ಒಡೆದಿದೆ. ಅದನ್ನು ಇನ್ನೂ ಕಾಯಿಸಿದಷ್ಟೂ ಇನ್ನೂ ಕೆಡುತ್ತದೆ. ಹೊಸ ಪಾಕಕ್ಕೆ ಬೆರೆಸಿದರೆ ಆ ಹೊಸದೂ ಹಾಳು. ಸೋಸಿ ಬಾಟಲಿಗೆ ಹಾಕಿಡಿ, ಬೇಸಿಗೆಯಲ್ಲಿ ಪಾನಕಕ್ಕೆ, ನಿಂಬೆ ಶರಬತ್ತಿಗೆ ಬಹಳ ಚೆನ್ನಾಗಿರುತ್ತದೆ.

ನಿಂಬೆ ಹಾಕೇ ಇಲ್ಲ ಅನ್ನುವವರೂ ಇರುತ್ತಾರೆ. ಆಗ ಮೊಸರು ಕೇಳಬೇಕು. ಕೊಳೆ ತೆಗೆಯಲು ಕೆಲವರು ಹಾಲಿನ ಬದಲು ಮೊಸರು ಹಾಕುತ್ತಾರೆ. ಹಾಕಬಹುದು, ಆದರೆ ಅರ್ಧ ಚಮಚ ಸಾಕು, ಹುಳಿ ಬಂದದ್ದು ಬೇಡ. ಅದೂ ಇಲ್ಲ ಅಂದರೆ ಪಾತ್ರೆ ನೋಡಿ. ಹಿಂದಿನ ದಿನ ಹುಳಿ ಸಾರು ಕಾಯಿಸಿದ ಪಾತ್ರೆಯನ್ನು ಸುಮ್ನೆ ನೀರಲ್ಲಿ ತೊಳೆದು ಪಾಕಕ್ಕೆ ಇಟ್ಟಿರುತ್ತಾರೆ. ಪಾಕದ ಪಾತ್ರೆ, ಪಾಕದ ಸೌಟು ಬೇರೆಯೇ ಇರಲಿ ಅಂತ ಹಳಬರು ಹಟ ಹಿಡಿಯುತ್ತಿದ್ದರಲ್ಲ, ಅದು ಬರೀ ಮಡಿಯ ಮಾತಲ್ಲ.

"ಬೆಳಗ್ಗೆ ಹಾಕಿದ ಅಚ್ಚು ಚಿನ್ನದ ಹಾಗೆ ಬಂತು, ಮಧ್ಯಾಹ್ನದ್ದು ಕೂರಲೇ ಇಲ್ಲ" ಅನ್ನುವ ದೂರು ಇನ್ನೊಂದು. ತಿಳಿ ಪಾಕವನ್ನು ಹಿಂದಿನ ಒಲೆಯಲ್ಲಿ ಸಣ್ಣ ಉರಿಯಲ್ಲೇ ಬಿಟ್ಟಿರುತ್ತಾರೆ, ಬಿಸಿ ಇರಲಿ ಅಂತ. ಅದರಲ್ಲಿ ನಾಲ್ಕೇ ಹನಿ ನಿಂಬೆ ಇದ್ದರೂ ಗಂಟೆಗಟ್ಟಲೆ ಬಿಸಿಯಲ್ಲಿದ್ದರೆ ಒಡೆಯುತ್ತಲೇ ಹೋಗುತ್ತದೆ. ತಿಳಿ ಪಾಕ ಆರಿದರೆ ಏನೂ ಆಗುವುದಿಲ್ಲ. ಮುಚ್ಚಿ ಕೆಳಗೆ ಇಡಿ.

ನಿಂಬೆ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ತೀರಾ ಬೇಗ ಹೆಪ್ಪಾಗುವ ಪಾಕವನ್ನು ಸ್ವಲ್ಪ ತಡೆಯಲು ಒಂದು ಕಿಲೋಗೆ ಎರಡು ಮೂರು ಹನಿ ಹಾಕುವವರಿದ್ದಾರೆ. ಕೈ ಪಳಗಿದವರಿಗೆ ಅದು ಸರಿ. ಹೊಸಬರು ಬಿಟ್ಟುಬಿಡುವುದು ಒಳ್ಳೆಯದು.

ಥರ್ಮಾಮೀಟರ್ ನಂಬಿ ಕೆಟ್ಟವರಿಗೆ

ಈಗಿನ ಹುಡುಗಿಯರು, ಹುಡುಗರೂ ಹೌದು, ಆನ್‌ಲೈನ್‌ನಲ್ಲಿ ತರಿಸಿದ ಥರ್ಮಾಮೀಟರ್ ಇಟ್ಟುಕೊಂಡು ಪಾಕ ಮಾಡುತ್ತಾರೆ. ಒಳ್ಳೆಯದೇ. ಆದರೆ ಪುಸ್ತಕದ ಡಿಗ್ರಿ ಸಮುದ್ರಮಟ್ಟದ ಲೆಕ್ಕ. ಶಿವಮೊಗ್ಗ ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 570 ಮೀಟರ್ ಮೇಲೆ. ಪ್ರತಿ 300 ಮೀಟರಿಗೆ ನೀರು ಕುದಿಯುವ ಬಿಸಿ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ನಮ್ಮಲ್ಲಿ ನೀರು 98ಕ್ಕೇ ಕುದಿಯುತ್ತದೆ. ಹಾಗಾಗಿ 112 ಅಂತ ಬರೆದಿದ್ದರೆ ಇಲ್ಲಿ 110ಕ್ಕೇ ಆ ಪಾಕ ಬಂದಿರುತ್ತದೆ. ಎರಡು ಡಿಗ್ರಿ ಏನು ಮಹಾ ಅನ್ನಬೇಡಿ. ಕೊನೆಯ ಹೊತ್ತಿನಲ್ಲಿ ಪಾಕ ಏರುವ ವೇಗಕ್ಕೆ ಎರಡು ಡಿಗ್ರಿಯಲ್ಲಿ ಅಚ್ಚು ಹೋಗಿ ಕಲ್ಲಾಗುತ್ತದೆ.

ಮೊದಲು ಬರೀ ನೀರು ಕುದಿಸಿ, ಥರ್ಮಾಮೀಟರ್ ಎಷ್ಟು ತೋರಿಸುತ್ತದೆ ನೋಡಿ. 100ಕ್ಕಿಂತ ಎಷ್ಟು ಕಡಿಮೆ ಇದೆಯೋ ಅಷ್ಟನ್ನು ಬರೆದಿರುವ ಡಿಗ್ರಿಯಿಂದ ಕಳೆಯಿರಿ. ಯಂತ್ರದ ತಪ್ಪು, ಊರಿನ ಎತ್ತರ ಎರಡೂ ಅದರಲ್ಲೇ ಸರಿಹೋಗುತ್ತದೆ. ಕಡ್ಡಿಯ ತುದಿ ಪಾತ್ರೆಯ ತಳಕ್ಕೆ ತಾಗಿದರೂ ಲೆಕ್ಕ ತಪ್ಪು. ಒಂದು ಲೋಟ ಪಾಕಕ್ಕೆ ಕಡ್ಡಿ ಸರಿಯಾಗಿ ಮುಳುಗುವುದೂ ಇಲ್ಲ. ಅದಕ್ಕೇ ಕೊನೆಗೆ ತಣ್ಣೀರಿನ ಬಟ್ಟಲೇ ಗತಿ.

ಸುರಿಯುವ ಮೊದಲೇ ಪಾತ್ರೆಯಲ್ಲಿ ಕಲ್ಲಾಯಿತು

ಪಾಕ ಏರಿಹೋಗಿದೆ, ಅಥವಾ ತಿಕ್ಕಿದ್ದು ಜಾಸ್ತಿ ಆಗಿದೆ, ಅಥವಾ ಪಾಕದಲ್ಲಿ ಮೊದಲೇ ಹರಳು ಬಿದ್ದಿದೆ.

ಮೂರನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಕುದಿಯುವಾಗ ಪಾಕ ಸಿಡಿದು ಪಾತ್ರೆಯ ಗೋಡೆಗೆ ಅಂಟಿ ಒಣಗುತ್ತದೆ. ಅಲ್ಲಿ ಬೆಳ್ಳಗೆ ಸಣ್ಣ ಗೆರೆ ಕಟ್ಟಿರುತ್ತದೆ, ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತದೆ. ಸೌಟು ತಾಗಿ ಅದರಲ್ಲಿ ಒಂದು ಚೂರು ಕೆಳಗೆ ಬಿದ್ದರೂ ಸಾಕು, ಇಡೀ ಪಾಕಕ್ಕೆ ಅದೇ ಬೀಜ. ನೋಡನೋಡುತ್ತಾ ಹೆಪ್ಪಾಗುತ್ತದೆ. ಒದ್ದೆ ಬಟ್ಟೆಯನ್ನು ಚಮಚಕ್ಕೆ ಸುತ್ತಿ ಗೋಡೆಯನ್ನು ಒರೆಸುತ್ತಾ ಇರಿ. ಇಲ್ಲವೇ ಕುದಿ ಬಂದ ಮೇಲೆ ಒಂದು ನಿಮಿಷ ಮುಚ್ಚಿ. ಒಳಗಿನ ಹಬೆಯೇ ನೀರಾಗಿ ಇಳಿದು ಗೋಡೆ ತೊಳೆಯುತ್ತದೆ. ಕುದಿಯುವಾಗ ಸೌಟು ಆಡಿಸಬೇಡಿ. ತಿಕ್ಕುವುದೆಲ್ಲ ಇಳಿಸಿದ ಮೇಲೆ.

ಕಲ್ಲಾದ ಪಾಕ ಕೆಟ್ಟದ್ದಲ್ಲ. ಎರಡು ಮೂರು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಕಣವೇ ಉಳಿಯದ ಹಾಗೆ ನೋಡಿಕೊಂಡು ಮತ್ತೆ ಕಾಯಿಸಿ. ಹುಳಿ ಇಲ್ಲದ ಪಾಕವನ್ನು ಹೀಗೆ ಮತ್ತೆ ಮತ್ತೆ ಕರಗಿಸಿ ಅಚ್ಚು ಹಾಕಬಹುದು. ಬೆಳ್ಳಗೆ ಮಾತ್ರ ಮೊದಲಿನಷ್ಟು ಇರುವುದಿಲ್ಲ.

ಪ್ರತಿ ಸಲವೂ ಕಲ್ಲಾಗುತ್ತಿದ್ದರೆ ನಿಮ್ಮ ಅಚ್ಚುಗಳ ಲೆಕ್ಕಕ್ಕೆ ಪಾಕ ಜಾಸ್ತಿ. ಬಿಳಿಗೆ ತಿರುಗಿದ ಮೇಲೆ ಕೈಗೆ ಸಿಗುವ ಹೊತ್ತು ತೀರಾ ಕಡಿಮೆ. ಅಷ್ಟರಲ್ಲಿ ಮೂರೋ ನಾಲ್ಕೋ ಅಚ್ಚು ತುಂಬಬಹುದು. ಹತ್ತು ಅಚ್ಚಿನ ಪಾಕ ಒಟ್ಟಿಗೆ ಕಾಯಿಸಿದರೆ ಕೊನೆಯ ಆರು ಯಾವಾಗಲೂ ದಂಡ.

ಅಂಟುವುದು, ಮುರಿಯುವುದು, ಸೋರುವುದು

ನಮ್ಮಲ್ಲಿ ಮರದ ಅಚ್ಚುಗಳು ಅತ್ತೆಯವರ ಕಾಲದವು. ಗಿಳಿ, ಮೀನು, ಆನೆ, ತುಳಸಿ ಕಟ್ಟೆ. ಮನೆಯ ಮಕ್ಕಳೆಲ್ಲ ಕಣ್ಣಿಡುವುದು ಗಿಳಿಯ ಮೇಲೆ, ಮೊದಲು ಮುರಿಯುವುದೂ ಗಿಳಿಯ ಕೊಕ್ಕೇ.

ಕೊಕ್ಕು, ಬಾಲ, ಸೊಂಡಿಲು ತೆಳುವಾದ ಭಾಗಗಳು. ಅಲ್ಲಿ ಪಾಕ ಬೇಗ ಗಟ್ಟಿಯಾಗಿ ಮರಕ್ಕೆ ಕಚ್ಚಿಕೊಳ್ಳುತ್ತದೆ. ಹೊಟ್ಟೆ ಇನ್ನೂ ಬಿಸಿ ಇರುತ್ತದೆ. ಆಗ ಎರಡು ಹಲಗೆಗಳನ್ನು ಜಾರಿಸಿ ತೆಗೆದರೆ ಕೊಕ್ಕು ಒಂದು ಕಡೆ, ತಲೆ ಒಂದು ಕಡೆ. ದಾರ ಬಿಚ್ಚಿ, ಸೌಟಿನ ಹಿಡಿಯಿಂದ ಅಚ್ಚಿನ ಬೆನ್ನಿಗೆ ಮೆತ್ತಗೆ ತಟ್ಟಿ, ಒಂದು ಹಲಗೆಯನ್ನು ನೇರವಾಗಿ ಮೇಲಕ್ಕೆ ಎತ್ತಿ. ಎತ್ತುವಾಗ ತಡೆದರೆ ಬಲ ಹಾಕಬೇಡಿ, ಎರಡು ನಿಮಿಷ ಬಿಟ್ಟು ಮತ್ತೆ ತಟ್ಟಿ.

ಇಡೀ ಮೈ ಅಂಟಿ, ಮೇಲ್ಪದರ ಕಿತ್ತು ಬಂದರೆ ಮರ ನೆನೆದಿಲ್ಲ. ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿಗೆ ಹಾಕಬೇಕು. ಮರದ ರಂಧ್ರಗಳಲ್ಲಿ ನೀರು ತುಂಬಿದ್ದರೆ ಪಾಕ ಒಳಗೆ ಇಳಿಯುವುದಿಲ್ಲ. ಒಣ ಮರ ಪಾಕವನ್ನೇ ಕುಡಿಯುತ್ತದೆ. ಬೆಳಗ್ಗೆ ಬಿಟ್ಟುಕೊಂಡು ಮಧ್ಯಾಹ್ನ ಅಂಟಲು ಶುರುವಾದರೂ ಇದೇ ಕಾರಣ. ಬಿಸಿ ಪಾಕ ಬಿದ್ದು ಬಿದ್ದು ಮರ ಒಣಗಿದೆ. ಪ್ರತಿ ಸಲ ಬಿಚ್ಚಿದ ಮೇಲೆ ನೀರಿಗೆ ಮುಳುಗಿಸಿ, ಕೊಡವಿ, ಆಮೇಲೆ ಕಟ್ಟಿ. ಕೊಡವದಿದ್ದರೆ ಗೆರೆಗಳಲ್ಲಿ ನಿಂತ ನೀರು ಅಚ್ಚಿನ ಮೇಲೆ ತೂತು ತೂತು ಮಾಡುತ್ತದೆ. ಆನೆಯ ಕಣ್ಣು ಮಾಯ.

ಎಣ್ಣೆ, ತುಪ್ಪ ಸವರುವವರಿದ್ದಾರೆ. ಮರಕ್ಕೆ ನನಗೆ ಒಪ್ಪಿಗೆಯಿಲ್ಲ. ಅದು ಮರದಲ್ಲೇ ಉಳಿದು ಮುಂದಿನ ವರ್ಷಕ್ಕೆ ಕಮಟು ವಾಸನೆ. ಸಿಲಿಕೋನ್ ಅಚ್ಚಿಗೆ ನೆನೆಸುವುದೂ ಬೇಡ, ಸವರುವುದೂ ಬೇಡ. ಕೆಲಸ ಸಲೀಸು, ಕೆತ್ತನೆಯ ಸೊಗಸು ಮಾತ್ರ ಇಲ್ಲ.

ಸೋರುವುದಕ್ಕೆ ರಬ್ಬರ್ ಬ್ಯಾಂಡ್ ಕಾರಣ ಇರಬಹುದು, ಬಿಸಿಗೆ ಸಡಿಲವಾಗುತ್ತದೆ. ಹತ್ತಿ ದಾರದಲ್ಲಿ ಬಿಗಿಯಾಗಿ ಸುತ್ತಿ. ಆದರೂ ಸಂದಿಯಲ್ಲಿ ಸಕ್ಕರೆಯ ರೆಕ್ಕೆ ಮೂಡುತ್ತಿದ್ದರೆ ಹಲಗೆ ಬಾಗಿದೆ. ಬಿಸಿಲಲ್ಲಿ ಒಣಗಿಸಿದ ಅಚ್ಚುಗಳ ಪಾಡು ಇದು. ಹೊರಗಿನಿಂದ ಸಂದಿಗೆ ಚಪಾತಿ ಹಿಟ್ಟು ಮೆತ್ತಿದರೆ ಆ ದಿನದ ಮಟ್ಟಿಗೆ ನಡೆಯುತ್ತದೆ.

ಕಟ್ಟುವುದು, ಕೊಡವುವುದು, ದಾರ ಬಿಚ್ಚುವುದು ಮಕ್ಕಳಿಗೆ ಕೊಡಿ. ಸುರಿಯುವುದನ್ನು ಮಾತ್ರ ಕೊಡಬೇಡಿ. ಪಾಕ ಕುದಿಯುವ ನೀರಿಗಿಂತ ಬಿಸಿ, ಅದರ ಮೇಲೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬಿದ್ದರೆ ಕೂಡಲೇ ನಲ್ಲಿಯ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಐಸು, ಟೂತ್‌ಪೇಸ್ಟ್, ಅರಿಶಿನ ಯಾವುದೂ ಬೇಡ. ಗುಳ್ಳೆ ದೊಡ್ಡದಾಗಿದ್ದರೆ ಡಾಕ್ಟರ ಹತ್ತಿರ ಹೋಗಿ.

ಬಣ್ಣ ಬೆಳ್ಳಗಿಲ್ಲ

ಮುರಿದು ನೋಡಿ. ಒಳಗೂ ಹೊರಗೂ ಒಂದೇ ಹಳದಿ ಇದ್ದರೆ ಪಾಕದ ದೋಷ. ಕೊಳೆ ಸರಿಯಾಗಿ ತೆಗೆದಿಲ್ಲ, ಅಥವಾ ಒಂದೇ ಪಾಕವನ್ನು ಹಲವು ಸಲ ಕಾಯಿಸಿದ್ದೀರಿ. ಒಳಗೆ ಬಿಳಿ ಇದ್ದು ಮೇಲೆ ಮಾತ್ರ ಕಂದು ಇದ್ದರೆ ಮರದ ಬಣ್ಣ. ಹೊಸ ಅಚ್ಚಾದರೆ ನೀರು ಬದಲಾಯಿಸುತ್ತಾ ಎರಡು ದಿನ ನೆನೆಸಿ, ಮೊದಲು ಬಂದ ಅಚ್ಚುಗಳನ್ನು ಕಾಫಿಗೆ ಹಾಕಿಕೊಳ್ಳಿ. ಹಳೆಯದಾದರೆ ಹೊಗೆ ಹಿಡಿದಿರಬಹುದು. ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿಯಬಾರದು ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟ ಅಚ್ಚುಗಳಿಗೆ ಇದು ತಪ್ಪಿದ್ದಲ್ಲ.

ಮಕ್ಕಳಿಗೆ ಗುಲಾಬಿ ಗಿಳಿ ಬೇಕು ಅಂತ ಬೀಟ್‌ರೂಟ್ ರಸ ಸುರಿದರೆ ನೀರು ಜಾಸ್ತಿಯಾಗಿ ಅಚ್ಚು ಮೆತ್ತಗಾಗುತ್ತದೆ. ಬಣ್ಣವನ್ನು ತಿಳಿ ಪಾಕ ಕಾಯಿಸಲು ಇಡುವಾಗಲೇ ಹಾಕಿ, ನೀರು ಅಲ್ಲೇ ಹೋಗಲಿ.

ಮರುದಿನ ಜಿಗುಟಾಯಿತು

ಇದಕ್ಕೆ ಎಲ್ಲರೂ ಇಬ್ಬನಿಯನ್ನು ದೂರುತ್ತಾರೆ. ಶುದ್ಧ ಸಕ್ಕರೆಯ ಅಚ್ಚು ಅಷ್ಟು ಸುಲಭಕ್ಕೆ ನೀರು ಎಳೆಯುವುದಿಲ್ಲ. ಗಾಳಿಯ ತೇವ ಶೇಕಡಾ 80 ದಾಟಬೇಕು. ಒಡೆದ ಸಕ್ಕರೆಯಲ್ಲಿರುವ ಫ್ರಕ್ಟೋಸ್ ಅದಕ್ಕಿಂತ ಬಹಳ ಮೊದಲೇ ಎಳೆಯಲು ಶುರು ಮಾಡುತ್ತದೆ. ಹಾಗಾಗಿ ಡಬ್ಬಿಯಲ್ಲಿಟ್ಟ ಅಚ್ಚೂ ಬೆವರಿದರೆ ನಿಂಬೆಯ, ಮೊಸರಿನ ಕಡೆ ಕೈ ತೋರಿಸಿ. ಪಾಕ ಕೂತಿರುತ್ತದೆ, ಆದರೆ ಅಂಚಿನಲ್ಲಿ ಕೂತಿರುತ್ತದೆ.

ರಾತ್ರಿಯಿಡೀ ತಟ್ಟೆಯಲ್ಲಿ ತೆರೆದಿಟ್ಟು ಬೆಳಗ್ಗೆ ಜಿಗುಟಾದರೆ ಮಾತ್ರ ಇಬ್ಬನಿಯನ್ನು ದೂರಬಹುದು. ತೀರ್ಥಹಳ್ಳಿ, ಆಗುಂಬೆ ಕಡೆ ಜನವರಿ ಬೆಳಗು ಗೊತ್ತಲ್ಲ. ಬಿಸಿ ಆರಿದ ಮೇಲೆ ಹಗಲಿನ ಗಾಳಿಯಲ್ಲಿ ಒಣಗಿಸಿ, ಬಿಸಿಲಿಳಿಯುವ ಮೊದಲೇ ಸ್ಟೀಲ್ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೇ ಬೆವರುತ್ತದೆ. ಎಳ್ಳು ಬೆಲ್ಲದ ಜೊತೆ ಒಂದೇ ಡಬ್ಬಿಯಲ್ಲಿ ಹಾಕಬೇಡಿ. ಬೆಲ್ಲದ ತೇವ ಅಚ್ಚಿಗೆ ಬರುತ್ತದೆ. ಬೀರಲು ಹೊರಡುವಾಗ ಸೇರಿಸಿದರೆ ಸಾಕು.

ಜೋನಿ ಬೆಲ್ಲದ ಚಿಕ್ಕಿ

ಅಚ್ಚಿನ ಜೊತೆ ಎಳ್ಳಿನದೋ ಶೇಂಗಾದ್ದೋ ಚಿಕ್ಕಿ ಮಾಡುವುದು ಹೆಚ್ಚಿನ ಮನೆಗಳಲ್ಲಿ ಇದೆ. ಸಾಗರದ ಕಡೆಯವರು ಕೇಳುವ ಪ್ರಶ್ನೆ ಒಂದೇ. ಆಲೆಮನೆಯಿಂದ ತಂದ, ಜೇನುತುಪ್ಪದ ಹಾಗೆ ಹರಿಯುವ ಜೋನಿ ಬೆಲ್ಲ ಇಷ್ಟು ಚೆನ್ನಾಗಿದೆ, ಚಿಕ್ಕಿ ಮಾತ್ರ ಯಾಕೆ ಹಲ್ಲಿಗೆ ಅಂಟುತ್ತದೆ?

ಜೋನಿ ಬೆಲ್ಲ ಗಟ್ಟಿಯಾಗದೆ ಉಳಿಯುವುದೇ ಅದರಲ್ಲಿ ನೀರಿನ ಜೊತೆ ಆ ಒಡೆದ ಸಕ್ಕರೆ ಜಾಸ್ತಿ ಇರುವುದರಿಂದ. ದೋಸೆಗೆ, ತೊಡೆದೇವಿಗೆ ಅದು ವರ. ಚಿಕ್ಕಿಗೆ ಹಟ ಹಿಡಿದು ಕಾಯಿಸಿದರೆ ಗಟ್ಟಿಯಾಗುವ ಮೊದಲೇ ತಳ ಹಿಡಿದು ಕಹಿಯಾಗುತ್ತದೆ, ತಪ್ಪಿಸಿಕೊಂಡು ಗಟ್ಟಿಯಾದರೂ ಸಂಜೆಗೆ ಮೆತ್ತಗೆ. ಚಿಕ್ಕಿಗೆ ಒಣ ಉಂಡೆ ಬೆಲ್ಲವೇ ಬೇಕು.

ಉಂಡೆ ಬೆಲ್ಲದಲ್ಲೂ ಅಂಟಿದರೆ ಪಾಕ ಎಳಸು. ಇಲ್ಲಿ ಮೆತ್ತನೆ ಉಂಡೆ ಸಾಲದು. ತಣ್ಣೀರಿಗೆ ಬಿಟ್ಟ ಹನಿ ಗಟ್ಟಿಯಾಗಿ, ಬಟ್ಟಲಿಗೆ ಬಡಿದರೆ ಟಣ್ ಅನ್ನಬೇಕು, ಬೆರಳಲ್ಲಿ ಬಗ್ಗಿಸಿದರೆ ಪಟ್ ಅಂತ ಮುರಿಯಬೇಕು. ಬಾಗಿದರೆ ಇನ್ನೂ ಆಗಿಲ್ಲ. ಟಣ್ ಅಂದ ಮೇಲೆ ಉರಿ ಆರಿಸಿ, ಹುರಿದ ಶೇಂಗಾ ಹಾಕಿ. ಶೇಂಗಾ ತಣ್ಣಗಿದ್ದರೆ ಪಾಕ ಅಲ್ಲೇ ಸೆಟೆದುಕೊಂಡು ಹರಡಲು ಬರುವುದಿಲ್ಲ, ಬೆಚ್ಚಗೆ ಇಟ್ಟುಕೊಂಡಿರಿ. ಚಿಕ್ಕಿ ಕಲ್ಲಿನಷ್ಟು ಗಟ್ಟಿ ಅನ್ನುವವರು ಕೊನೆಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಬಹುದು. ಬೆಲ್ಲದ ಹುಳಿಗೆ ಸೋಡಾ ಸೇರಿ ಗುಳ್ಳೆ ಎದ್ದು ಚಿಕ್ಕಿ ಹಗುರವಾಗುತ್ತದೆ. ಚಿಟಿಕೆಗಿಂತ ಜಾಸ್ತಿ ಆದರೆ ಸೋಪಿನ ರುಚಿ.

ಎಲ್ಲ ಮುಗಿದ ಮೇಲೆ ಮರದ ಅಚ್ಚುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಗೆರೆಗಳಲ್ಲಿ ಉಳಿದ ಸಕ್ಕರೆಯನ್ನು ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ಇರುವೆ ತಪ್ಪುವುದಿಲ್ಲ. ನೆರಳಲ್ಲಿ ಒಂದು ವಾರ ಒಣಗಿಸಿ. ಜೋಡಿ ಹಲಗೆಗಳನ್ನು ಒಟ್ಟಿಗೆ ಕಟ್ಟಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿ. ಪ್ಲಾಸ್ಟಿಕ್ ಚೀಲ ಬೇಡ, ಜೂನ್ ಬರುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ.